ಸ್ಟಾಕ್ ಕೊಳ್ಳುವ ಮುಂಚೆ ರೈಫಲ್ ಮಗುಚಿ ನೋಡಿ

"ಸರ್, ಈ ಸ್ಟಾಕ್ ನಮ್ಮ ರೈಫಲ್‌ಗೆ ಕುಂದರ್ತದೇನ್ರೀ?" ವಾಟ್ಸಾಪ್‌ನಲ್ಲಿ ಈ ಪ್ರಶ್ನೆಯ ಜೊತೆ ಒಂದು ಫೋಟೊ ಬರುತ್ತದೆ. ಸ್ಟಾಕ್ ಅಂದರೆ ರೈಫಲ್‌ನ ಲೋಹ ಕೂರುವ, ಭುಜಕ್ಕೆ ಒರಗುವ ಕಟ್ಟಿಗೆಯ ಭಾಗ. ಫೋಟೊ ಯಾವಾಗಲೂ ಪಕ್ಕದಿಂದ ತೆಗೆದದ್ದು. ಪಾಲಿಶ್ ಹೊಳೆಯುತ್ತಿರುತ್ತದೆ, ಕಟ್ಟಿಗೆಯ ಗೆರೆ ಚೆಂದ ಕಾಣುತ್ತದೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ನಾನು ಬೇರೆ ಎರಡು ಫೋಟೊ ಕೇಳುತ್ತೇನೆ. ಒಂದು, ನಿಮ್ಮ ರೈಫಲ್ ಮಗುಚಿ ತೆಗೆದ ತಳದ ಫೋಟೊ. ಇನ್ನೊಂದು, ಲೋಹ ಕೂರಲು ಸ್ಟಾಕ್‌ನಲ್ಲಿ ಕೊರೆದ ಜಾಗದ್ದು. ಜೊತೆಗೆ ಸ್ಕ್ರೂಗಳ ನಡುವಿನ ಅಂತರ, ಮಿಲಿಮೀಟರ್‌ನಲ್ಲಿ.

ಬೆಳಗಾವಿಯಲ್ಲಿ ಬಂದೂಕು ರಿಪೇರಿ ಮಾಡುವವನ ಹತ್ತಿರ ಎಲ್ಲ ಥರದವರೂ ಬರುತ್ತಾರೆ. ಸೇನೆಯಿಂದ ನಿವೃತ್ತರಾಗಿ ಲೈಸೆನ್ಸ್ ರೈಫಲ್ ಇಟ್ಟುಕೊಂಡವರು ಇದ್ದಾರೆ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ ಊರಲ್ಲಿ ಅಂಥವರಿಗೇನು ಕೊರತೆ? ಖಾನಾಪುರದ ಕಡೆಯಿಂದ ಕಾಡುಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದ ರೈತರು ಬರುತ್ತಾರೆ. ಈಚೆಗೆ ಜಾಸ್ತಿ ಆಗಿರುವುದು ಶೂಟಿಂಗ್ ಕಲಿಯುವ ಮಕ್ಕಳು, ಅವರ ಹಿಂದೆ ಅಪ್ಪಂದಿರು. ಎಲ್ಲರೂ ರೈಫಲ್‌ನ ಹೆಸರು ಹೇಳಿ ಸ್ಟಾಕ್ ಹುಡುಕುತ್ತಾರೆ. ಆದರೆ ಸ್ಟಾಕ್‌ಗೆ ಹೆಸರು ಬೇಕಿಲ್ಲ, ಆಕ್ಷನ್ ಬೇಕು.

ಆಕ್ಷನ್ ಅಂದರೆ ಬ್ಯಾರಲ್‌ನ ಹಿಂದೆ, ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ಓಡಾಡುವ ಲೋಹದ ಭಾಗ. ಸ್ಟಾಕ್‌ಗೆ ಸ್ಕ್ರೂ ಹಾಕಿ ಬಿಗಿಯುವುದು ಇದನ್ನೇ. .22 ಇಂಚು ಬಾಯಿಯ ರೈಫಲ್ ಸ್ಪರ್ಧೆಗಳಲ್ಲಿ ತುಂಬಾ ಕಾಣುವ ಜರ್ಮನಿಯ ಆನ್‌ಶುಟ್ಜ್ ರೈಫಲ್‌ಗಳನ್ನೇ ನೋಡಿ. 1903, 1907 ಎಂಬ ಎರಡು ಮಾಡೆಲ್ ಇವೆ. ನಂಬರ್ ಹತ್ತಿರ ಹತ್ತಿರ ಇದೆ ಅಂತ ಸ್ಟಾಕೂ ಒಂದೇ ಇರುತ್ತದೆ ಎಂದುಕೊಳ್ಳುತ್ತಾರೆ. 1903ರಲ್ಲಿ ಇರುವುದು 64 ಆಕ್ಷನ್, 1907ರಲ್ಲಿ 54. ಒಂದರ ಸ್ಟಾಕ್ ಇನ್ನೊಂದಕ್ಕೆ ಆಗುವುದಿಲ್ಲ. ಇದಕ್ಕೆ ಉಲ್ಟಾ ಅಮೆರಿಕದ ರೆಮಿಂಗ್ಟನ್ 700 ರೈಫಲ್. 1962ರಲ್ಲಿ ಬಂದ ಆ ರೈಫಲ್‌ನ ತಳದ ಅಳತೆಯನ್ನೇ ಇಟ್ಟುಕೊಂಡು ಎಷ್ಟೋ ಬೇರೆ ಕಂಪನಿಗಳು ಆಕ್ಷನ್ ಮಾಡುತ್ತವೆ. ಅಲ್ಲಿ ಹೆಸರು ಬೇರೆ, ಸ್ಟಾಕ್ ಒಂದೇ. ಅಲ್ಲೂ ಶಾರ್ಟ್, ಲಾಂಗ್ ಅಂತ ಎರಡು ಉದ್ದ ಇವೆ, ಎಡಗೈಯವರದ್ದು ಬೇರೆ ಇದೆ.

ಸ್ಕ್ರೂ ಹೊಂದಿದರೆ ಮುಗಿಯಿತು ಅಂತಲ್ಲ. ಗುಂಡು ತುಂಬುವ ಮ್ಯಾಗಜಿನ್‌ನ ಬಾಯಿ ಹೊಂದಬೇಕು. ಬೋಲ್ಟ್ ಹಿಡಿ ಪೂರ್ತಿ ಕೆಳಗೆ ಇಳಿಯಬೇಕು. ಇದನ್ನು ಹಲವರು ನೋಡುವುದೇ ಇಲ್ಲ. ಹಿಡಿ ಕಟ್ಟಿಗೆಗೆ ತಾಗಿ ಅರ್ಧಕ್ಕೇ ನಿಂತರೆ ಬೋಲ್ಟ್ ಸರಿಯಾಗಿ ಲಾಕ್ ಆಗದೇ ಇರಬಹುದು. ಅದು ನೇರ ಜೀವದ ಪ್ರಶ್ನೆ. ಸೇಫ್ಟಿ ಕೀಲಿಯೂ ಎರಡೂ ಕಡೆ ಸಲೀಸಾಗಿ ತಿರುಗಬೇಕು.

ಬ್ಯಾರಲ್ ದಪ್ಪಗಿದ್ದು ಸ್ಟಾಕ್‌ನ ಕಾಲುವೆ ಕಿರಿದಾಗಿದ್ದರೆ ಉಜ್ಜಿ ಅಗಲ ಮಾಡಬಹುದು. ಕಾಲುವೆಯೇ ದೊಡ್ಡದಿದ್ದರೆ ಅಷ್ಟು ಕೆಡುಕಿಲ್ಲ, ನೋಡಲು ಚೆನ್ನಾಗಿರಲ್ಲ ಅಷ್ಟೇ. ಈಗಿನ ಹೆಚ್ಚಿನ ರೈಫಲ್‌ಗಳಲ್ಲಿ ಬ್ಯಾರಲ್ ಕಟ್ಟಿಗೆಗೆ ತಾಗಬಾರದು. ಹತ್ತು ರೂಪಾಯಿ ನೋಟನ್ನು ಬ್ಯಾರಲ್ ಕೆಳಗೆ ತೂರಿಸಿ ಹಿಂದಕ್ಕೆ ಎಳೆದುಕೊಂಡು ಹೋಗಿ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತಾಗುತ್ತಿದೆ ಅಂತ ಅರ್ಥ. ಆದರೆ ಬ್ರಿಟಿಷರ ಕಾಲದ ಹಳೆಯ ಸೇನಾ ರೈಫಲ್ ಎನ್‌ಫೀಲ್ಡ್ ಮೇಲೆ ಈ ಪರೀಕ್ಷೆ ಮಾಡಿ ಕಟ್ಟಿಗೆ ಕೆರೆಯಲು ಹೋಗಬೇಡಿ. ಅದರಲ್ಲಿ ಮುಂಭಾಗದ ಕಟ್ಟಿಗೆ ಬ್ಯಾರಲ್‌ಗೆ ಒತ್ತಿಕೊಂಡಿರಲಿ ಅಂತಲೇ ಮಾಡಿದ್ದಾರೆ. ಕೆರೆದರೆ ಗುರಿ ಕೆಡುತ್ತದೆ.

ಎನ್‌ಫೀಲ್ಡ್ ಕುಲದ ರೈಫಲ್‌ಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿಯ .315 ನಮ್ಮ ಕಡೆಯ ಲೈಸೆನ್ಸ್‌ಗಳಲ್ಲಿ ಕಾಣುವ ರೈಫಲ್, ಅದರ ಆಕ್ಷನ್ ಇದೇ ಮಾದರಿಯದು. ಇವುಗಳಲ್ಲಿ ಕಟ್ಟಿಗೆ ಎರಡು ತುಂಡು. ಮುಂಭಾಗ ಬೇರೆ, ಭುಜಕ್ಕೆ ಒರಗುವ ಬಟ್ ಬೇರೆ. ಬಟ್ ಒಳಗೆ ಉದ್ದಕ್ಕೂ ಒಂದು ಬೋಲ್ಟ್ (ಗುಂಡು ತಳ್ಳುವ ಬೋಲ್ಟ್ ಅಲ್ಲ, ಉದ್ದನೆಯ ತಿರುಪು) ಹೋಗಿ ಅದನ್ನು ಲೋಹಕ್ಕೆ ಬಿಗಿಯುತ್ತದೆ. ಮೊದಲನೇ ಮಹಾಯುದ್ಧದ ಕಾಲದ ಎಸ್‌ಎಂಎಲ್‌ಇ ಎಂಬ ಎನ್‌ಫೀಲ್ಡ್‌ನಲ್ಲಿ ಈ ಬೋಲ್ಟ್‌ನ ಚೌಕದ ತುದಿ ಮುಂಭಾಗದ ಕಟ್ಟಿಗೆಯಲ್ಲಿರುವ ಒಂದು ತಗಡಿನೊಳಗೆ ಸಿಕ್ಕಿರುತ್ತದೆ. ಮುಂಭಾಗ ತೆಗೆಯದೇ ಬೋಲ್ಟ್ ತಿರುಗಿಸಿದರೆ ಕಟ್ಟಿಗೆ ಸೀಳುತ್ತದೆ. ಬಟ್ ಬದಲಿಸಲು ಹೋಗಿ ಮುಂಭಾಗವನ್ನೂ ಕಳೆದುಕೊಂಡವರು ಬಹಳ. ಎನ್‌ಫೀಲ್ಡ್ ಮಾದರಿಯ ಯಾವ ರೈಫಲ್ ಬಂದರೂ ನಾನು ಮೊದಲು ಮುಂಭಾಗವನ್ನೇ ಬಿಚ್ಚುತ್ತೇನೆ. ಆ ರೈಫಲ್‌ಗಳಿಗೆ ಬಟ್ ನಾಲ್ಕು ಉದ್ದದಲ್ಲಿ ಬರುತ್ತಿತ್ತು: ಲಾಂಗ್, ನಾರ್ಮಲ್, ಶಾರ್ಟ್, ಬ್ಯಾಂಟಮ್. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಇಂಚು ವ್ಯತ್ಯಾಸ. ಹಳೇ ಬಟ್ ಕೊಳ್ಳುವವರು ಕಟ್ಟಿಗೆಯ ಮೇಲೆ ಎಲ್, ಎಸ್, ಬಿ ಅಕ್ಷರ ಇದೆಯಾ ಅಂತ ನೋಡಿಕೊಳ್ಳಿ.

ಇನ್ನು ಕಟ್ಟಿಗೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಸಾಗವಾನಿ. "ನಮ್ಮ ಬಡಿಗ ಎಷ್ಟು ಚಂದ ಮಾಡ್ತಾನ್ರಿ" ಅಂತಾರೆ. ಚಂದ ಮಾಡುತ್ತಾನೆ, ಅನುಮಾನವಿಲ್ಲ. ಆದರೆ ಅವನು ಮಾಡುವ ಬಾಗಿಲ ಚೌಕಟ್ಟಿಗೆ ಗುಂಡು ಹಾರಿದಾಗಿನ ಒದೆತ ಇರುವುದಿಲ್ಲ. ಟ್ರಿಗರ್ ಹಿಂದೆ ಕೈ ಹಿಡಿಯುವ ಕಡೆ ಸ್ಟಾಕ್ ತೆಳ್ಳಗಿರುತ್ತದೆ. ಅಲ್ಲಿ ಕಟ್ಟಿಗೆಯ ಎಳೆ ಉದ್ದಕ್ಕೆ ಹರಿಯದೆ ಅಡ್ಡ ಬಂದರೆ ಒಂದು ದಿನ ಅಲ್ಲೇ ಮುರಿಯುತ್ತದೆ. ಒಳ್ಳೆಯ ಸ್ಟಾಕ್‌ಗಳಿಗೆ ಅಕ್ರೋಟು ಮರ ಬಳಸುವುದು ಸುಮ್ನೆ ಅಲ್ಲ. ಅದು ಹಗುರ, ಗಟ್ಟಿ, ಒಣಗಿದ ಮೇಲೆ ಜಾಸ್ತಿ ತಿರುಚಿಕೊಳ್ಳುವುದಿಲ್ಲ.

ನಮ್ಮ ಕಡೆ ಎಲ್ಲ ಊರಿನ ಹವೆ ಒಂದೇ ಥರ ಇಲ್ಲ. ಬೆಳಗಾವಿಯಲ್ಲಿ ಬೀಳುವ ಮಳೆ ವಿಜಯಪುರದ ಹೆಚ್ಚುಕಡಿಮೆ ಎರಡು ಪಟ್ಟು, ಖಾನಾಪುರದ ಘಟ್ಟದಂಚಿನಲ್ಲಿ ಇನ್ನೂ ಜಾಸ್ತಿ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಕಟ್ಟಿಗೆ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಜುಲೈನಲ್ಲಿ ಬಿಗಿದ ಸ್ಕ್ರೂ ಬೇಸಿಗೆಯಲ್ಲಿ ಸಡಿಲ. ಮಾರುವವರು ಹೊರಗೆ ಪಾಲಿಶ್ ಹೊಡೆದು, ಲೋಹ ಕೂರುವ ಒಳಭಾಗಕ್ಕೆ ಏನೂ ಹಚ್ಚದೆ ಬಿಡುತ್ತಾರೆ. ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಜೋಡಿಸುವ ಮುಂಚೆ ಒಳಭಾಗಕ್ಕೂ ವಾರ್ನಿಶ್ ಕೊಡಿ. ಚುನಾವಣೆ ಸಮಯದಲ್ಲಿ ಬಂದೂಕು ಠಾಣೆಗೆ ಒಪ್ಪಿಸುವವರಿಗೆ ಇದು ಇನ್ನೂ ಮುಖ್ಯ. ಅದು ಅಲ್ಲಿ ಯಾವ ಮೂಲೆಯಲ್ಲಿ ಕೂರುತ್ತದೋ ನಮ್ಮ ಕೈಲಿಲ್ಲ.

ಮಲೆನಾಡಿನ ಅಂಚಿನವರಿಗೆ ನನ್ನ ಸಲಹೆ, ತೆಳು ಹಾಳೆ ಅಂಟಿಸಿ ಮಾಡಿದ ಲ್ಯಾಮಿನೇಟ್ ಸ್ಟಾಕ್. ತೂಕ ಜಾಸ್ತಿ, ಆದರೆ ಹವೆಗೆ ಬಗ್ಗುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಬೇಡ. ಮುಂಭಾಗ ಟೊಳ್ಳಿದ್ದರೆ ಒತ್ತಿದಾಗ ಬಾಗಿ ಬ್ಯಾರಲ್‌ಗೆ ತಾಗುತ್ತದೆ. ಯಾವ ಸ್ಟಾಕ್ ಆದರೂ ಸ್ಕ್ರೂ ಬಿಗಿಯುವಾಗ ಕಂಪನಿ ಹೇಳಿದ ಅಳತೆ ಮೀರಬೇಡಿ. ಬರೀ ಕಟ್ಟಿಗೆಗೆ ಸಾಮಾನ್ಯವಾಗಿ 4 ರಿಂದ 5 ನ್ಯೂಟನ್ ಮೀಟರ್ ಸಾಕು. ಸ್ಕ್ರೂ ಹೋಗುವ ತೂತಿನೊಳಗೆ ಲೋಹದ ಕೊಳವೆ ಕೂರಿಸಿದ್ದರೆ ಇನ್ನೂ ಸ್ವಲ್ಪ ಬಿಗಿಯಬಹುದು.

ಲೋಹಕ್ಕೆ ಹೊಂದಿದ ಮೇಲೆ ಮೈಗೆ. ಟ್ರಿಗರ್‌ನಿಂದ ಬಟ್ ತುದಿಗೆ ಎಷ್ಟು ಉದ್ದ? ಫ್ಯಾಕ್ಟರಿ ಸ್ಟಾಕ್‌ಗಳಲ್ಲಿ ಬಹುಪಾಲು 13½ ಇಂಚಿನ ಆಸುಪಾಸು. ಹದಿಮೂರರ ಹುಡುಗಿಗೆ ಅದು ಉದ್ದ, ಅಲ್ವಾ? ಮಕ್ಕಳಿಗೆ ಕೊಳ್ಳುವವರು ಹಿಂದೆ ಮುಂದೆ ಸರಿಸಬಲ್ಲ ಬಟ್ ಇರುವುದನ್ನೇ ಕೊಳ್ಳಿ. ಕೆನ್ನೆ ಒರಗುವ ಜಾಗದ ಎತ್ತರವೂ ಅಷ್ಟೇ ಮುಖ್ಯ. ಬರಿಗಣ್ಣಿನಿಂದ ಗುರಿ ನೋಡುವ ಲೋಹದ ಸೈಟ್‌ಗೆ ಮಾಡಿದ ಸ್ಟಾಕ್ ಮೇಲೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿದರೆ ಕೆನ್ನೆ ಕಟ್ಟಿಗೆಯಿಂದ ಎದ್ದು ಬಿಡುತ್ತದೆ. ಖಾಲಿ ರೈಫಲ್ ಅಂತ ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಕಣ್ಣು ಮುಚ್ಚಿ ಭುಜಕ್ಕಿಟ್ಟು, ಆಮೇಲೆ ಕಣ್ಣು ಬಿಡಿ. ಸ್ಕೋಪ್ ಪೂರ್ತಿ ಬೆಳ್ಳಗೆ ಕಂಡರೆ ಸರಿ. ಕತ್ತು ಆಡಿಸಿ ಹುಡುಕಬೇಕಾದರೆ ಎತ್ತರ ಸರಿಯಿಲ್ಲ. ಎಷ್ಟೋ ಸಲ ಕೆನ್ನೆಗೆ ಒಂದು ಪ್ಯಾಡ್, ಬಟ್‌ಗೆ ಒಂದು ರಬ್ಬರ್ ಹಾಕಿದರೆ ಸಾಕು, ಹೊಸ ಸ್ಟಾಕೇ ಬೇಡ. ಹೀಗೆ ಹೇಳಿದರೆ ನನ್ನ ವ್ಯಾಪಾರ ಹೋಗುತ್ತದೆ, ಇರಲಿ.

ಸ್ಪರ್ಧೆಗೆ ಹೋಗುವವರು ನಿಯಮ ಓದಿ ಕೊಳ್ಳಬೇಕು. 10 ಮೀಟರ್ ಏರ್ ರೈಫಲ್ ತೂಕ 5.5 ಕೆಜಿ ದಾಟುವಂತಿಲ್ಲ. ಹೆಬ್ಬೆರಳು ತೂರಿಸುವ ತೂತಿನ ಸ್ಟಾಕ್ ನೋಡಲು ಭಾರಿ ಇರುತ್ತದೆ, ಆ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಕಾಯ್ದೆ ವಿಷಯವೂ ಇದೆ. 4.5 ಮಿಲಿಮೀಟರ್ ಬಾಯಿಯ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅದರ ಸ್ಟಾಕ್ ನೀವೇ ಬಿಚ್ಚಬಹುದು. ಉಳಿದ ಬಂದೂಕು ರಿಪೇರಿ ಮಾಡುವವನಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಬೇಕು. ಹಾಗಾಗಿ ರೈಫಲ್ಲನ್ನು ಬಡಿಗನ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಅವನಿಗೂ ಕಷ್ಟ, ನಿಮಗೂ ಕಷ್ಟ. ಅಂಗಡಿಗೆ ತರುವಾಗ ಖಾಲಿ ಮಾಡಿ, ಲೈಸೆನ್ಸ್ ಜೊತೆ ತನ್ನಿ. ಹೊಸ ಸ್ಟಾಕ್ ಕೂರಿಸಿದ ಮೇಲೆ ಗುರಿ ಹೊಸದಾಗಿ ಹೊಂದಿಸಬೇಕು, ಒಂದಷ್ಟು ಸುತ್ತು ಹಾರಿಸಿ ಸ್ಕ್ರೂ ಮತ್ತೆ ನೋಡಬೇಕು. ಹಳೇ ಸ್ಟಾಕ್ ಎಸೆಯಬೇಡಿ. ರೈಫಲ್ ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.