‘ಇಮ್ಯುನೋಡಿಫಿಶಿಯಂಟ್’ ಇಲಿ ಅಂದ್ರೆ ಜಡ್ಡಿನ ಇಲಿ ಅಲ್ಲ

‘ರೋಗಪೀಡಿತ ಇಲಿಗಳ ಮೇಲೆ ಕ್ಯಾನ್ಸರ್ ಔಷಧ ಪ್ರಯೋಗ’ ಅಂತ ಹೋದ ವಾರ ಒಂದು ಪತ್ರಿಕೆಯಲ್ಲಿ ಓದಿದೆ. ಅದಕ್ಕೂ ಮೊದಲು ಧಾರವಾಡದ ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ ‘ನಿಶ್ಶಕ್ತ ಇಲಿಗಳು’ ಅಂತ ಸ್ಲೈಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ಎರಡೂ ಇಂಗ್ಲಿಷಿನ ‘ಇಮ್ಯುನೋಡಿಫಿಶಿಯಂಟ್’ ಅನ್ನೋ ಪದದ ಅನುವಾದ. ಎರಡನ್ನೂ ನುಂಗಿಕೊಂಡೆ. ಆಮೇಲೆ ಹಾವೇರಿಯಿಂದ ಚಿಗವ್ವ ಫೋನ್ ಮಾಡಿದಳು. ಕಾಕಾ ಅವರಿಗೆ ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆದಿದೆ, ಹಾಗಾಗಿ ಇಂಥ ಸುದ್ದಿ ಒಂದನ್ನೂ ಆಕೆ ಬಿಡೋದಿಲ್ಲ. “ತಮ್ಮಾ, ಮೊದಲ ಜಡ್ಡಾದ ಇಲಿಗೆ ಔಷಧ ಹಾಕಿ ನೋಡಿದ್ರ ಏನ್ ಗೊತ್ತಾಗ್ತೈತಿ?” ಅಂತ ಕೇಳಿದಳು. ಪ್ರಶ್ನೆ ಸರಿಯಾಗೇ ಇದೆ. ಆಕೆಯ ಕೈಗೆ ಕೊಟ್ಟ ಪದ ತಪ್ಪು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಗೊಂದಲಕ್ಕೂ ಮೂಲ ನಮ್ಮ ‘ರೋಗನಿರೋಧಕ ಶಕ್ತಿ’ ಅನ್ನೋ ಪದದ ಬಾಲ. ‘ಶಕ್ತಿ’ ಅಂದ ಕೂಡಲೇ ತಾಕತ್ತು ನೆನಪಾಗುತ್ತದೆ. ತಾಕತ್ತು ಕಡಿಮೆ ಅಂದ್ರೆ ಸೊರಗಿದ್ದು, ಸೊರಗಿದ್ದು ಅಂದ್ರೆ ಜಡ್ಡು. ಕೊರೊನಾ ಬಂದ ಮೇಲಂತೂ ಕಷಾಯ, ಪುಡಿ, ಚಹಾ ಎಲ್ಲದರ ಮೇಲೂ ‘ಇಮ್ಯುನಿಟಿ’ ಅಂತ ಅಚ್ಚು ಹಾಕಿ, ಅದು ಬ್ಯಾಟರಿ ಹಾಗೆ ಏರಿಸಿ ಇಳಿಸೋ ಒಂದು ಸಾಮಾನು ಅನ್ನೋ ಭಾವನೆ ಬೇರೂರಿಬಿಟ್ಟಿದೆ.

‘ಇಮ್ಯುನಿಟಿ’ಯ ಮೂಲ ಪದದಲ್ಲಿ ಶಕ್ತಿಯ ಮಾತೇ ಇಲ್ಲ. ಲ್ಯಾಟಿನ್ನಿನ ‘ಮುನುಸ್’ ಅಂದ್ರೆ ಊರಿಗೆ, ಸರ್ಕಾರಕ್ಕೆ ಸಲ್ಲಿಸಬೇಕಾದ ಸೇವೆ, ಹೊರೆ, ಬಾಕಿ. ‘ಇಮ್ಯುನಿಸ್’ ಅಂದ್ರೆ ಆ ಹೊರೆಯಿಂದ ಬಿಡುಗಡೆ ಇರುವವನು. ಇದು ನಮಗೆ ಹೊಸದೇನಲ್ಲ. ಗದಗ, ಲಕ್ಕುಂಡಿ ಕಡೆಯ ಶಾಸನ ಓದುವವರಿಗೆ ‘ಸರ್ವನಮಸ್ಯ’, ‘ಸರ್ವಬಾಧಾ ಪರಿಹಾರ’ ಅನ್ನೋ ಮಾತು ಗೊತ್ತು. ಯಾವ ತೆರಿಗೆಯೂ ಮುಟ್ಟದ ದತ್ತಿ ಭೂಮಿ ಅದು. ಹಳೆ ಕಾಲದ ಇನಾಮು ಹೊಲ ಅಂದ್ರೂ ನಮ್ಮ ಕಡೆ ಹಿರಿಯರಿಗೆ ಅರ್ಥ ಆಗುತ್ತೆ. ಒಮ್ಮೆ ಸಿಡುಬು ಬಂದು ಉಳಿದವನಿಗೆ ಮತ್ತೆ ಸಿಡುಬು ಬರುತ್ತಿರಲಿಲ್ಲ, ಅವನಿಗೆ ಆ ಬಾಧೆಯಿಂದ ವಿನಾಯಿತಿ. ವೈದ್ಯರು ಎರವಲು ಪಡೆದದ್ದು ಈ ಅರ್ಥವನ್ನು. ನನ್ನ ಮಟ್ಟಿಗೆ ‘ಬಾಧಾ ಪರಿಹಾರ’ವೇ ‘ರೋಗನಿರೋಧಕ ಶಕ್ತಿ’ಗಿಂತ ಪ್ರಾಮಾಣಿಕವಾದ ಅನುವಾದ. ಆದರೆ ಈಗ ಯಾರೂ ಹಾಗೆ ಹೇಳಲ್ಲ, ಬಿಡಿ.

ಈ ವಿನಾಯಿತಿ ಸಿಗೋದು ಹೇಗೆ? ಗುರುತು ಹಿಡಿಯೋದರಿಂದ. ಮೈಯೊಳಗಿನ ಕಾವಲು ಕೋಶಗಳು ಯಾವುದು ತನ್ನದು, ಯಾವುದು ಹೊರಗಿನದು ಅಂತ ಸದಾ ಮುಟ್ಟಿ ನೋಡುತ್ತಿರುತ್ತವೆ. ಮನುಷ್ಯನ ಗಡ್ಡೆಯ ಚೂರನ್ನು ಸಾಮಾನ್ಯ ಇಲಿಯ ಚರ್ಮದ ಕೆಳಗೆ ಇಟ್ಟರೆ ಇದು ನಮ್ಮ ಮನೆಯದಲ್ಲ ಅಂತ ಅವಕ್ಕೆ ತಿಳಿದುಹೋಗುತ್ತದೆ. ಕೆಲವೇ ವಾರಗಳಲ್ಲಿ ಆ ಚೂರು ನಾಶ. ಗಡ್ಡೆಯೇ ಉಳಿಯದಿದ್ದರೆ ಔಷಧವನ್ನು ಯಾವುದರ ಮೇಲೆ ನೋಡೋದು?

ಇದಕ್ಕೆ ಒಳ್ಳೆಯ ಪದ ನಮ್ಮಲ್ಲಿದೆ: ಕಸಿ. ಧಾರವಾಡದಲ್ಲಿ ಆಪೂಸ್ ಮಾವಿನ ಕಸಿ ಗಿಡ ನೋಡದವರು ಯಾರು? ಮಾವಿನ ಬುಡಕ್ಕೆ ಮಾವು ಹಿಡಿಯುತ್ತೆ, ಬೇವಿನ ಬುಡಕ್ಕೆ ಕಟ್ಟಿದರೆ ಒಣಗುತ್ತೆ. (ಗಿಡದಲ್ಲಿ ಕಾರಣ ಬೇರೆ, ಅದಕ್ಕೆ ಇಂಥ ಕಾವಲು ಕೋಶಗಳಿಲ್ಲ. ಹಿಡಿಯೋದು, ಹಿಡಿಯದೇ ಇರೋದು ಅನ್ನೋ ಮಾತಷ್ಟೇ ನನಗೆ ಬೇಕಾದದ್ದು.) ಮನುಷ್ಯನ ಗಡ್ಡೆ ಇಲಿಯಲ್ಲಿ ಬೆಳೆಸೋದಕ್ಕೆ ‘ಕ್ಸೆನೋಗ್ರಾಫ್ಟ್’ ಅಂತಾರೆ, ಅಂದ್ರೆ ಪರಜಾತಿ ಕಸಿ. ಗುರುತು ಹಿಡಿಯೋ ಕೋಶಗಳೇ ಇಲ್ಲದ ಇಲಿಯಲ್ಲಿ ಈ ಕಸಿ ಹಿಡಿಯುತ್ತದೆ. ‘ಇಮ್ಯುನೋಡಿಫಿಶಿಯಂಟ್’ ಅನ್ನೋ ಪದದ ಪೂರ್ತಿ ಕೆಲಸ ಇಷ್ಟೇ.

1962ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೂದಲಿಲ್ಲದ ಇಲಿಗಳು ಕಂಡವು. 1968ರಲ್ಲಿ ಅವಕ್ಕೆ ಥೈಮಸ್ ಗ್ರಂಥಿಯೇ ಇಲ್ಲ ಅಂತ ಗೊತ್ತಾಯ್ತು. ಎದೆಗೂಡಿನೊಳಗೆ ಹೃದಯದ ಮೇಲ್ಗಡೆ ಇರೋ ಈ ಗ್ರಂಥಿಯಲ್ಲೇ ಟಿ ಕೋಶ ಅನ್ನೋ ಕಾವಲು ಕೋಶಗಳು ಪಳಗೋದು, ‘ಟಿ’ ಅಂದ್ರೆ ಥೈಮಸ್. ಮರುವರ್ಷವೇ ಕೋಪನ್‌ಹೇಗನ್‌ನಲ್ಲಿ ರೋಗಿಯೊಬ್ಬರ ದೊಡ್ಡ ಕರುಳಿನ ಗಡ್ಡೆ ಇಂಥ ಇಲಿಯಲ್ಲಿ ಬೆಳೆಯಿತು. ಇವೇ ‘ನ್ಯೂಡ್ ಮೈಸ್’. ಕನ್ನಡದಲ್ಲಿ ‘ನಗ್ನ ಇಲಿ’ ಅಂತ ಬರೆದು, ಕೂದಲು ಬೋಳಿಸಿದ ಇಲಿ ಅಂತ ವಿವರಣೆ ಬೇರೆ ಕೊಟ್ಟಿದ್ದನ್ನು ಓದಿದ್ದೇನೆ. ಯಾರೂ ಬೋಳಿಸಿಲ್ಲ ಸ್ವಾಮಿ! ಕೂದಲು ಬೆಳೆಯೋಕೂ ಥೈಮಸ್ ಬೆಳೆಯೋಕೂ ಒಂದೇ ಜೀನ್ ಬೇಕು, ಅದು ಕೆಟ್ಟರೆ ಎರಡೂ ಹೋಗುತ್ತವೆ. 1983ರಲ್ಲಿ ಫಿಲಡೆಲ್ಫಿಯಾದಿಂದ ‘ಸ್ಕಿಡ್’ ಇಲಿಯ ಸುದ್ದಿ ಬಂತು. ಅದರಲ್ಲಿ ಟಿ ಜೊತೆಗೆ ಇನ್ನೊಂದು ಬಗೆಯ ಕಾವಲು ಕೋಶಗಳಾದ ಬಿ ಕೋಶಗಳೂ ಇಲ್ಲ. ಈಗ ಜಾಸ್ತಿ ಬಳಸೋ ‘ಎನ್‌ಎಸ್‌ಜಿ’ ಅನ್ನೋ ತಳಿಯಲ್ಲಿ ಟಿ, ಬಿ, ಮತ್ತೆ ‘ಎನ್‌ಕೆ’ ಅನ್ನೋ ಮೂರನೇ ಬಗೆಯ ಕಾವಲು ಕೋಶ, ಮೂರೂ ಇಲ್ಲ. ಹಾಗಾಗಿ ಈ ಪದಕ್ಕೆ ಒಂದೇ ಅಳತೆ ಇಲ್ಲ, ಯಾವುದು ಎಷ್ಟು ಇಲ್ಲ ಅಂತ ಹೇಳಲೇಬೇಕು.

ಇಲ್ಲೇ ಇನ್ನೊಂದು ತಪ್ಪು: ‘ರೋಗನಿರೋಧಕ ಶಕ್ತಿ ಕುಂದಿಸಿದ ಇಲಿ’. ಕುಂದಿಸೋದು ಅಂದ್ರೆ ಇದ್ದದ್ದನ್ನು ಔಷಧದಿಂದಲೋ ವಿಕಿರಣದಿಂದಲೋ ತಗ್ಗಿಸೋದು, ಕಿಡ್ನಿ ಕಸಿ ಆದವರು ಮಾತ್ರೆ ತಗೋತಾರಲ್ಲ, ಹಾಗೆ. ಈ ಇಲಿಗಳಿಗೆ ಅದು ಹುಟ್ಟಿನಿಂದಲೇ ಇಲ್ಲ.

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಕೆಲವು ತಿಂಗಳು ನ್ಯೂಡ್ ಇಲಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಗುಲಾಬಿ ಬಣ್ಣದ ನೆರಿಗೆ ಚರ್ಮ, ತೆಳು ಕಿವಿ. ಪಂಜರದ ಮುಚ್ಚಳ ತೆಗೆದರೆ ಚುರುಕಾಗಿ ಮೂಲೆ ಹಿಡಿಯುತ್ತವೆ. ಕಾಳು, ನೀರು, ಹಾಸು ಎಲ್ಲ ಆಟೋಕ್ಲೇವ್ ಆಗಿ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು) ಬರಬೇಕು, ಗಾಳಿಯೂ ಸೋಸಿ ಬರಬೇಕು, ನಾವು ಟೋಪಿ, ಗ್ಲೌಸ್, ಗೌನ್ ಹಾಕಿಕೊಳ್ಳಬೇಕು. ಅಷ್ಟು ಮಾಡಿದರೆ ತಿಂದುಂಡು ಆರಾಮಾಗಿರುತ್ತವೆ. ಗಡ್ಡೆ ಅಳೆಯೋದು ಕ್ಯಾಲಿಪರ್‌ನಿಂದ: ಪಕ್ಕೆಯ ಮೇಲಿನ ಉಬ್ಬಿನ ಉದ್ದ ಒಮ್ಮೆ, ಅಗಲ ಒಮ್ಮೆ. ಅಗಲವನ್ನು ಅಗಲದಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಅರ್ಧ ಮಾಡಿದರೆ ಗಾತ್ರ. ಔಷಧ ಕೊಟ್ಟ ಗುಂಪಿನದು, ಕೊಡದ ಗುಂಪಿನದು, ಎರಡನ್ನೂ ವಾರಕ್ಕೆ ಎರಡು ಸಲ ಬರೆದುಕೊಳ್ಳುತ್ತಿದ್ದೆವು. ಚಿಗವ್ವನ ಪ್ರಶ್ನೆಗೆ ಉತ್ತರ ಇರೋದು ಈ ಎರಡು ಸಾಲು ಅಂಕಿಗಳಲ್ಲಿ.

ಆದರೆ ಆಕೆಗೆ ಇನ್ನೊಂದು ಮಾತನ್ನೂ ಹೇಳಬೇಕಾಯ್ತು. ಇಮ್ಯುನೋಥೆರಪಿ ಅಂತ ಈಗ ಹೆಸರು ಮಾಡಿರೋ ಔಷಧಗಳಿವೆಯಲ್ಲ, 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ನೊಬೆಲ್ ಬಂದ ದಾರಿಯವು, ಅವುಗಳಲ್ಲಿ ಮುಖ್ಯವಾದವು ಟಿ ಕೋಶದ ಬ್ರೇಕ್ ಸಡಿಲಿಸಿ ಕೆಲಸ ಮಾಡುತ್ತವೆ. ಟಿ ಕೋಶವೇ ಇಲ್ಲದ ಇಲಿಯಲ್ಲಿ ಯಾವ ಬ್ರೇಕ್ ಸಡಿಲಿಸೋದು? ಅಲ್ಲಿ ಸಾಮಾನ್ಯ ಇಲಿಯೇ ಬೇಕು, ಇಲಿಯದೇ ಗಡ್ಡೆ ಬೇಕು. ಇಲ್ಲಾ ಅಂದ್ರೆ ಎನ್‌ಎಸ್‌ಜಿ ಇಲಿಗೆ ಮನುಷ್ಯನ ರಕ್ತದ ಮೂಲಕೋಶ ಕೊಟ್ಟು, ಅದರೊಳಗೆ ಮನುಷ್ಯನ ಕಾವಲು ಕೋಶಗಳು ಬೆಳೆಯೋ ಹಾಗೆ ಮಾಡುತ್ತಾರೆ. ಇದಕ್ಕೆ ‘ಹ್ಯೂಮನೈಸ್ಡ್’ ಇಲಿ ಅಂತ ಹೆಸರು. ‘ಮಾನವೀಕೃತ ಇಲಿ’ ಅಂತ ಅಚ್ಚಾದದ್ದನ್ನು ನೋಡಿ ಚಿಗವ್ವ “ಮನಶ್ಯಾನಂಗ ಆಗಿರ್ತಾವೇನು ಅವು?” ಅಂತ ಕೇಳಿದಳು. ಮನುಷ್ಯರ ರಕ್ತಕೋಶ ಇರೋ ಇಲಿ ಅಂತ ಬರೆದಿದ್ದರೆ ಆಕೆ ಹಾಗೆ ಕೇಳುತ್ತಿರಲಿಲ್ಲ. ‘ಇಮ್ಯುನೋಡಿಫಿಶಿಯಂಟ್’ ಪದಕ್ಕೂ ಹಾಗೇ ಮಾಡಿ: ‘ಶಕ್ತಿ’ ಬಿಡಿ, ‘ಪೀಡಿತ’ ಬಿಡಿ, ‘ಟಿ ಕೋಶ ಇಲ್ಲದ ಇಲಿ’, ‘ಟಿ, ಬಿ ಎರಡೂ ಇಲ್ಲದ ಇಲಿ’ ಅಂತ ಇಲ್ಲದ್ದರ ಹೆಸರು ಹಿಡಿದೇ ಬರೆಯಿರಿ.