ಫೈಬ್ರಿನೋಜೆನ್ ಕರಗಿಸುವಾಗ ಗಂಟು ಕಟ್ಟುವುದೇಕೆ?

ಪ್ರಶ್ನೆ: ಸಂಶೋಧನೆಗೆ ತರಿಸಿದ ಮಾನವ ಫೈಬ್ರಿನೋಜೆನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಪುಡಿಯನ್ನು ಐಸ್ ಮೇಲಿಟ್ಟು, ತಣ್ಣನೆಯ ಬಫರ್ ಹಾಕಿ, ಚೆನ್ನಾಗಿ ಅಲ್ಲಾಡಿಸಿದೆ. ಆದರೂ ಬಿಳಿ ಎಳೆಗಳು, ಗಂಟುಗಳು ಉಳಿದಿವೆ. ಪುಡಿ ಕೆಟ್ಟಿದೆಯಾ?

ಬಹುಶಃ ಇಲ್ಲ. ತೊಂದರೆ ಇರುವುದು ಐಸ್‌ನಲ್ಲಿ ಮತ್ತು ಅಲ್ಲಾಡಿಸಿದ್ದರಲ್ಲಿ. ಪ್ರೋಟೀನ್ ಅಂದ ಕೂಡಲೇ ಐಸ್ ಮೇಲಿಡಬೇಕು ಅಂತ ಲ್ಯಾಬ್‌ಗೆ ಕಾಲಿಟ್ಟ ದಿನವೇ ಕಲಿತಿರುತ್ತೇವೆ, ಅಲ್ವಾ? ಬಹಳಷ್ಟು ಕಿಣ್ವಗಳಿಗೆ ಅದು ಸರಿ. ಫೈಬ್ರಿನೋಜೆನ್‌ಗೆ ಅದೇ ಮುಳುವಾಗುತ್ತದೆ.

ಇದನ್ನು ರಕ್ತದಿಂದ ಬೇರೆ ಮಾಡುವ ಬಗೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಒಂದು ಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ಬಿಟ್ಟು ಉಳಿಯುವ ದ್ರವದಲ್ಲಿ, ಸುಮಾರು 2ರಿಂದ 4 ಗ್ರಾಂ ಫೈಬ್ರಿನೋಜೆನ್ ಇರುತ್ತದೆ. 1940ರ ದಶಕದಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಎಡ್ವಿನ್ ಕೋನ್ ಅವರ ತಂಡ ತಣ್ಣನೆಯ ಪ್ಲಾಸ್ಮಾಕ್ಕೆ ಸ್ವಲ್ಪ ಸ್ವಲ್ಪವೇ ಎಥನಾಲ್ ಸೇರಿಸಿ ಪ್ರೋಟೀನ್‌ಗಳನ್ನು ಬೇರ್ಪಡಿಸಿತು. ಎಥನಾಲ್ ಇನ್ನೂ ಶೇ. 8ರಷ್ಟಿರುವಾಗಲೇ, ಎಲ್ಲಕ್ಕಿಂತ ಮೊದಲು ತಳಕ್ಕೆ ಇಳಿದದ್ದು ಫೈಬ್ರಿನೋಜೆನ್ ಇರುವ ಪಾಲು. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಜುಡಿತ್ ಪೂಲ್ ಅವರು, ಫ್ರೀಜ್ ಮಾಡಿದ ಪ್ಲಾಸ್ಮಾ ತಣ್ಣಗೆ, ನಿಧಾನವಾಗಿ ಕರಗುವಾಗ ತಳದಲ್ಲಿ ಉಳಿಯುವ ಮಡ್ಡಿಯಲ್ಲಿ ಫ್ಯಾಕ್ಟರ್ ಎಂಟು (ಹೆಪ್ಪುಗಟ್ಟಲು ಬೇಕಾದ ಇನ್ನೊಂದು ಪ್ರೋಟೀನ್) ಜಾಸ್ತಿ ಇರುವುದನ್ನು ತೋರಿಸಿಕೊಟ್ಟರು. ಆ ಮಡ್ಡಿಯಲ್ಲೂ ಫೈಬ್ರಿನೋಜೆನ್ ಇರುತ್ತದೆ. ಚಳಿ ತಾಗಿದರೆ ತಳಕ್ಕೆ ಕೂರುವುದು ಇದರ ಗುಣ. ಪುಡಿಯಲ್ಲಿ ಪ್ಲಾಸ್ಮಾದ ಮತ್ತೊಂದು ಪ್ರೋಟೀನ್ ಆದ ಫೈಬ್ರೊನೆಕ್ಟಿನ್ ಉಳಿದಿದ್ದರೆ ಇನ್ನೂ ಬೇಗ ಕೂರುತ್ತದೆ.

ಇನ್ನು ಅಲ್ಲಾಡಿಸುವ ವಿಷಯ. ಇದು ಸುಮಾರು 340 ಕಿಲೋಡಾಲ್ಟನ್ ತೂಕದ, 45 ನ್ಯಾನೋಮೀಟರ್ ಉದ್ದದ ಕಡ್ಡಿಯಂಥ ಅಣು. ನೊರೆ ಎದ್ದರೆ ಗಾಳಿ ಮತ್ತು ನೀರು ಸೇರುವ ಕಡೆ ಅಣುಗಳು ಆಕಾರ ಕಳೆದುಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮಗೆ ಕಂಡ ಎಳೆಗಳಲ್ಲಿ ಇವೂ ಇರಬಹುದು. ವೋರ್ಟೆಕ್ಸ್ (ಜೋರಾಗಿ ಅಲ್ಲಾಡಿಸುವ ಯಂತ್ರ) ಹತ್ತಿರ ಈ ವಯಲ್ ಒಯ್ಯಲೇಬೇಡಿ.

ಹಾಗಾದರೆ ಹೇಗೆ ಕರಗಿಸುವುದು? ವಯಲ್ ಮುಚ್ಚಳ ತೆಗೆಯದೆ, ಮೊದಲು ಕೋಣೆಯ ಬಿಸಿಗೆ ಬರಲು ಬಿಡಿ. ಲೇಬಲ್ ಹೇಳುವ ದ್ರವವನ್ನೇ, ಅದು ಸಲೈನ್ ಆಗಿರಲಿ ನೀರಾಗಿರಲಿ, 37 ಡಿಗ್ರಿಗೆ ಬೆಚ್ಚಗೆ ಮಾಡಿ ಹಾಕಿ. ಕೆಲವು ಪುಡಿಗಳಲ್ಲಿ ಉಪ್ಪು ಮೊದಲೇ ಇರುತ್ತದೆ. ಉಪ್ಪಿಲ್ಲದ ಪುಡಿಗೆ ಬರೀ ನೀರು ಹಾಕಿದರೆ ಸರಿಯಾಗಿ ಕರಗುವುದಿಲ್ಲ. ಹಾಕಿದ ಮೇಲೆ 37 ಡಿಗ್ರಿಯಲ್ಲಿ ಸುಮ್ನೆ ಬಿಡಿ. ಆಗಾಗ ಮೆಲ್ಲಗೆ ಓರೆ ಮಾಡಿ ತಿರುಗಿಸಿದರೆ ಸಾಕು. ಇಲ್ಲಿ ತಾಳ್ಮೆಯೇ ಕೆಲಸ ಮಾಡುವುದು.

ಈಗ ನಿಮ್ಮ ಕೈಯಲ್ಲಿರುವ ವಯಲ್. ಅದನ್ನೂ 37 ಡಿಗ್ರಿಯಲ್ಲಿಟ್ಟು ನೋಡಿ. ಗಂಟು ಕರಗಿದರೆ ಅದು ಬರೀ ಚಳಿಯ ಕೆಲಸ, ವಯಲ್ ಉಳಿಯಿತು. ಕರಗದೆ ಇದ್ದರೆ ಅಲ್ಲಾಡಿಸಿದ್ದರಿಂದ ಹಾಳಾದ ಭಾಗ, ಅದು ವಾಪಸ್ ಬರುವುದಿಲ್ಲ. ಗಂಟು ಹೋಗುವುದಿರಲಿ, ಇಡೀ ದ್ರವವೇ ಜೆಲ್ಲಿಯಾಗುತ್ತ ಬಂದರೆ ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ಬೆರೆತಿರುವ ಅನುಮಾನ ಪಡಬೇಕು. ಅದು ಫೈಬ್ರಿನೋಜೆನ್‌ನ ತುದಿಯ ಚಿಕ್ಕ ತುಂಡುಗಳನ್ನು ಕತ್ತರಿಸಿ, ಹೆಪ್ಪಿನ ಬಲೆಯಾಗುವ ಫೈಬ್ರಿನ್ ಮಾಡುತ್ತದೆ. ಗಂಟು ಸೋಸಿ ತೆಗೆದರೆ ಪ್ರೋಟೀನ್ ಕೂಡ ಕಡಿಮೆಯಾಗುತ್ತದೆ. ಲೇಬಲ್ ಮೇಲಿನ ತೂಕ ನಂಬಬೇಡಿ, ಪ್ರೋಟೀನ್ ಎಷ್ಟಿದೆ ಎಂದು ಅದು ಹೀರುವ ಬೆಳಕಿನಿಂದ 280 ನ್ಯಾನೋಮೀಟರ್‌ನಲ್ಲಿ ಮತ್ತೆ ಅಳೆಯಿರಿ.

ಪ್ಲಾಸ್ಮಾ ಕೊಟ್ಟವರಿಗೆ ಎಚ್ಐವಿ, ಹೆಪಟೈಟಿಸ್ ಪರೀಕ್ಷೆ ಆಗಿದ್ದರೂ ಗ್ಲೌಸ್ ಬಿಡಬೇಡಿ. ಯಾವ ಪರೀಕ್ಷೆಯೂ ಎಲ್ಲ ಸೋಂಕನ್ನೂ ಹಿಡಿಯುವುದಿಲ್ಲ.

ಮಿಕ್ಕಿದ್ದನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80ರಲ್ಲಿಡಿ. ಮತ್ತೆ ಬೇಕಾದಾಗ ನೇರವಾಗಿ 37 ಡಿಗ್ರಿಯ ನೀರಿನಲ್ಲಿ ಬೇಗ ಕರಗಿಸಿ. ನಾಳೆಗೆ ಬೇಕು ಅಂತ ರಾತ್ರಿಯೇ ಫ್ರಿಜ್‌ಗೆ ಇಳಿಸಿಟ್ಟರೆ, ಜುಡಿತ್ ಪೂಲ್ ನೋಡಿದ ಅದೇ ಮಡ್ಡಿ ಬೆಳಿಗ್ಗೆ ನಿಮ್ಮ ವಯಲ್‌ನ ತಳದಲ್ಲಿ ಇರುತ್ತದೆ.