ನೀರಿನ ಇಳಿಜಾರಿನ ಮೇಲೆ ನಗರದ ನಕ್ಷೆ

ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ, ಏಪ್ರಿಲ್ ಕಾಲಿಡುವಷ್ಟರಲ್ಲಿ ಗುಡ್ಡೆಯ ಮೇಲಿನ ಮನೆಗಳಿಗೆ ಟ್ಯಾಂಕರ್ ನೀರು ಏರತೊಡಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆಯಾದರೆ ಒಂದು ಲೀಟರ್ ನೀರು ಸಿಗುತ್ತದೆ. ಹಾಗೆಂದರೆ ನೂರು ಚದರ ಮೀಟರಿನ ತಾರಸಿಯೊಂದರ ಮೇಲೆ ವರ್ಷಕ್ಕೆ ಬೀಳುವುದು ಕನಿಷ್ಠ 3 ಲಕ್ಷ ಲೀಟರ್. ನಗರವಾಸಿಗೆ ದಿನಕ್ಕೆ 135 ಲೀಟರ್ ಬೇಕೆಂಬ ನಮ್ಮ ದೇಶದ ಮಾನದಂಡವನ್ನೇ ಹಿಡಿದರೂ ಐವರ ಕುಟುಂಬದ ಇಡೀ ವರ್ಷದ ಬಳಕೆ 2.5 ಲಕ್ಷ ಲೀಟರನ್ನು ದಾಟುವುದಿಲ್ಲ. ಆದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಅಷ್ಟು ನೀರನ್ನು ಮೇ ತನಕ ಕೂಡಿಡುವ ತೊಟ್ಟಿಯನ್ನು ಯಾವ ಮನೆಯವರೂ ಕಟ್ಟಿಸಲಾರರು. ಆ ತೊಟ್ಟಿ ಗುಡ್ಡೆಯೊಳಗೇ ಇದೆ ಎಂಬುದನ್ನು ಗಣನೆಗೆ ತೆಗೆದುಕೊಳ್ಳದೆ ಪೇಟೆಯ ನಕ್ಷೆ ಬರೆಯುತ್ತಿರುವುದೇ ಈ ಭಾಗದ ನಗರ ಯೋಜನೆಯ ಮೂಲದೋಷ ಎಂದು ನನಗನ್ನಿಸುತ್ತದೆ.

ನಾವು ಮುರಕಲ್ಲು, ಕೆಂಪುಕಲ್ಲು ಎನ್ನುವ ಶಿಲೆಗೆ ಲ್ಯಾಟರೈಟ್ ಎಂಬ ವೈಜ್ಞಾನಿಕ ಹೆಸರು ಬಂದದ್ದು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ವರದಿಯಿಂದ. ಅವನು ಅದನ್ನು ವರ್ಣಿಸಿದ್ದು ಇಂದಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ. ಹೊಸದಾಗಿ ಕೊಯ್ದ ಮುರಕಲ್ಲನ್ನು ಹತ್ತಿರದಿಂದ ನೋಡಿದರೆ, ಕಬ್ಬಿಣದ ಅಂಶದಿಂದ ಕೆಂಪೇರಿದ ಗಟ್ಟಿ ಭಾಗಗಳ ನಡುವೆ ಹಳದಿ, ಬಿಳಿ ಜೇಡಿ ತುಂಬಿದ ಅಂಕುಡೊಂಕಾದ ತೂತುಗಳು ಕಾಣುತ್ತವೆ. ಕೆಲವು ಬೆರಳು ತೂರುವಷ್ಟು ಅಗಲವಿರುತ್ತವೆ. ಈ ತೂತುಗಳಲ್ಲಿ ಇಳಿದ ಮಳೆನೀರು ಅಡಿಯ ಶೇಡಿಮಣ್ಣಿನ, ಅಂದರೆ ನುಣ್ಣನೆಯ ಜೇಡಿಯ, ಪದರವನ್ನು ಮುಟ್ಟಿದಾಗ ಅದನ್ನು ಸುಲಭವಾಗಿ ದಾಟಲಾರದೆ ಅಡ್ಡಕ್ಕೆ ಸರಿದು ಗುಡ್ಡೆಯ ಮಗ್ಗುಲಲ್ಲಿ ಒರತೆಯಾಗಿ ಹೊರಬರುತ್ತದೆ. ಬಾಯಾರು, ಪಡ್ರೆ, ಎಣ್ಮಕಜೆಯ ಕಡೆಯ ಸುರಂಗಗಳು ಈ ನೀರನ್ನೇ ದಾರಿಯಲ್ಲಿ ಹಿಡಿಯುತ್ತವೆ: ಆಳೊಬ್ಬ ತಲೆ ತಗ್ಗಿಸಿ ನಡೆಯುವಷ್ಟು ಎತ್ತರ, ಎರಡು ಭುಜ ಹಿಡಿಸುವಷ್ಟು ಅಗಲ, ಗುಡ್ಡೆಯೊಳಕ್ಕೆ ಹತ್ತಾರು ಮೀಟರ್ ಉದ್ದ. ಪಂಪು ಬೇಡ, ಕರೆಂಟು ಬೇಡ. ಆದರೆ ಮುರಕಲ್ಲಿಗೆ ಒಂದು ದೌರ್ಬಲ್ಯವೂ ಉಂಟು; ಅದು ನೀರನ್ನು ಎಷ್ಟು ಬೇಗ ಹೀರುತ್ತದೆಯೋ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಮಳೆ ನಿಂತ ಕೆಲವೇ ತಿಂಗಳುಗಳಲ್ಲಿ ಗುಡ್ಡೆಯ ಬಾವಿಗಳ ಮಟ್ಟ ಸರಸರನೆ ಇಳಿಯುವುದು ಇದೇ ಕಾರಣಕ್ಕೆ. ಆದ್ದರಿಂದ ಇಲ್ಲಿ ನೀರನ್ನು ಇಂಗಿಸಿದರಷ್ಟೇ ಸಾಲದು, ಅದು ಇಳಿಯುವ ವೇಗವನ್ನೂ ತಗ್ಗಿಸಬೇಕು.

ಹಿಂದಿನವರ ಭೂಬಳಕೆಯನ್ನು ಈ ದೃಷ್ಟಿಯಿಂದ ಗಮನಿಸಬೇಕು. ಮೇಲಿನ ಪದವು, ಅಂದರೆ ಗುಡ್ಡೆಯ ತಲೆಯ ಸಮತಟ್ಟು ನೆಲ, ಹುಲ್ಲಿಗೂ ಮಳೆಗಾಲದಲ್ಲಿ ನೀರು ನಿಲ್ಲುವ ಪಳ್ಳಗಳಿಗೂ ಬಿಟ್ಟದ್ದು. ಅದರ ಅಂಚಿನಲ್ಲಿ ಹರಿದುಹೋಗುವ ನೀರನ್ನು ತಡೆದು ಇಂಗಿಸುವ ಮದಕ. ಇಳಿಜಾರಿನ ಬುಡದಲ್ಲಿ ಮನೆ, ತೋಟ. ಮುಂದೆ ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಬೆಟ್ಟು, ಎರಡು ಬೆಳೆಯ ಮಜಲು, ಮೂರು ಬೆಳೆಗೂ ನೀರಿರುವ ಬೈಲು. ಮಳೆ ನಿಂತ ಮೇಲೆ ಏತಡ್ಕದಂಥ ಕಡೆಗಳಲ್ಲಿ ತೋಡಿಗೆ (ಸಣ್ಣ ಹಳ್ಳಕ್ಕೆ) ಕಲ್ಲು, ಮಣ್ಣು, ಅಡಿಕೆ ಮರಗಳನ್ನಿಟ್ಟು ಸಾಲಾಗಿ ಕಟ್ಟಗಳನ್ನು ಕಟ್ಟಿ, ಸಮುದ್ರಕ್ಕೆ ಹೋಗುವ ನೀರನ್ನು ಇನ್ನಷ್ಟು ವಾರಗಳ ಕಾಲ ನಿಲ್ಲಿಸುತ್ತಾರೆ. ಇದೆಲ್ಲವೂ ಯಥಾವತ್ತಾಗಿ ಮರಳಿ ಬರಲಿ ಎಂಬ ಹಳಹಳಿಕೆ ನನಗಿಲ್ಲ. ಸುರಂಗದ ನೀರಿನಿಂದ ಪೇಟೆಯೊಂದನ್ನು ಸಾಕಲಾಗದು, ಅದನ್ನು ಅಗೆಯಬಲ್ಲ ಕೆಲಸಗಾರರೂ ಈಗ ವಿರಳ. ಯಾವ ಜಾಗ ಯಾವುದಕ್ಕೆ ಎಂಬುದನ್ನು ನೀರಿನ ನಡೆ ನೋಡಿ ತೀರ್ಮಾನಿಸುವ ಕ್ರಮ ಮಾತ್ರ ಇಂದಿಗೂ ಉಪಯುಕ್ತ.

ಇಂದಿನ ಬೆಳವಣಿಗೆ ಆ ಕ್ರಮವನ್ನು ತಲೆಕೆಳಗು ಮಾಡಿದೆ. ಗುಡ್ಡೆ ಕಡಿದ ಮಣ್ಣನ್ನೇ ಗದ್ದೆಗೆ ತುಂಬಿಸುವುದರಿಂದ ಒಂದೇ ಟಿಪ್ಪರ್ ಎರಡೂ ಕಡೆ ಹಾನಿ ಮಾಡುತ್ತದೆ: ಮೇಲೆ ನೀರು ಹೀರುವ ಪದರ ಹೋಯಿತು, ಕೆಳಗೆ ನೀರು ನಿಲ್ಲುವ ಜಾಗ ಹೋಯಿತು. ಒಂದು ಹೆಕ್ಟೇರ್ ಬೈಲಿನಲ್ಲಿ ಹುಣಿಗಳ (ಗದ್ದೆಯ ಬದುಗಳ) ನಡುವೆ 20 ಸೆಂಟಿಮೀಟರ್ ನೀರು ನಿಂತರೆ ಅದು 20 ಲಕ್ಷ ಲೀಟರ್. ಗದ್ದೆ ತುಂಬಿಸುವುದನ್ನು ತಡೆಯಲು ಕೇರಳದಲ್ಲಿ 2008ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಗುಡ್ಡೆಯ ತಲೆಯ ಮೇಲಿನ ಪದವನ್ನು ಅಷ್ಟೇ ಕಾಳಜಿಯಿಂದ ಕಾಯುವ ಕಾನೂನು ಇಲ್ಲ. ತಲಪಾಡಿಯಿಂದ ದಕ್ಷಿಣಕ್ಕೆ ಆರು ಪಥಗಳಾಗಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66 ಈ ಎರಡು ಅಪಾಯಗಳನ್ನೂ ಬಯಲಿಗೆ ತಂದಿತು. 2025ರ ಮೇ 19ರಂದು ಮಲಪ್ಪುರಂನ ಕೂರಿಯಾಡಿನಲ್ಲಿ ಗದ್ದೆಯ ನಡುವೆ ಎತ್ತರಿಸಿದ ರಸ್ತೆ ಕುಸಿಯಿತು. ಅದೇ ವರ್ಷದ ಜುಲೈನಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನ ವೀರಮಲೆ ಗುಡ್ಡೆ ಹೆದ್ದಾರಿಯ ಮೇಲೆ ಜರಿಯಿತು. ಇಲ್ಲಿ ತೋಡು, ಹೊಳೆಗಳೆಲ್ಲ ಪಡುವಣಕ್ಕೆ ಹರಿಯುತ್ತವೆ. ರೈಲು ಹಳಿಯೂ ಹೆದ್ದಾರಿಯೂ ಅವುಗಳಿಗೆ ಅಡ್ಡಲಾಗಿ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತವೆ. ಹಾಗಾಗಿ ಕಲ್ವರ್ಟಿನ ಅಗಲ ಕಡಿಮೆಯಾದ ಕಡೆ ರಸ್ತೆಯೇ ಅಣೆಕಟ್ಟಾಗುತ್ತದೆ.

ಮನೆಯಂಗಳದ ಮಟ್ಟದಲ್ಲಿ ಇದೇ ಕೆಲಸವನ್ನು ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಹೊಂದಿಸಿ ಹಾಸುವ ಸಿಮೆಂಟು ಇಟ್ಟಿಗೆ, ಮಾಡುತ್ತದೆ. ಮಳೆಯಲ್ಲಿ ಹೊರಗೆ ಹರಿದುಹೋಗುವ ಪಾಲು ಹುಲ್ಲುನೆಲಕ್ಕಾದರೆ ಶೇಕಡಾ 5ರಿಂದ 35, ಕಾಂಕ್ರೀಟಿಗಾದರೆ 70ರಿಂದ 95 ಎಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಇಂಟರ್‌ಲಾಕಿನ ಸಂದುಗಳಿಂದ ನೀರು ಇಂಗುತ್ತದೆಂದು ಮಾರುವವರು ಹೇಳುವುದುಂಟು. ಅಡಿಯ ನೆಲವನ್ನು ಒತ್ತಿ ಗಟ್ಟಿ ಮಾಡಿ, ಸಂದುಗಳಿಗೆ ಸಿಮೆಂಟು ಮೆತ್ತಿದ ಮೇಲೆ ಆ ಮಾತಿಗೆ ಅರ್ಥ ಉಳಿಯುವುದಿಲ್ಲ.

ಚೀನಾ 2015ರಲ್ಲಿ 16 ನಗರಗಳನ್ನು ಆರಿಸಿ, ಮಳೆನೀರನ್ನು ಚರಂಡಿಗೆ ಅಟ್ಟುವ ಬದಲು ನೆಲಕ್ಕೆ, ಕೆರೆಗೆ, ಉದ್ಯಾನಕ್ಕೆ ಹೀರಿಸುವ ‘ಸ್ಪಂಜು ನಗರ’ ಯೋಜನೆಯನ್ನು ಆರಂಭಿಸಿತು. ಆದರೆ ಇಂಥ ಕಾಮಗಾರಿಗಳಿಗೆ ಅಪಾರ ಹಣ ಸುರಿದಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆಯಾದಾಗ ಸುರಂಗ ರೈಲಿನೊಳಗೇ ನೀರು ನುಗ್ಗಿ ಜನ ಸತ್ತರು. ಇಂಗಿಸುವ ವ್ಯವಸ್ಥೆ ಸಾಧಾರಣ ಮಳೆಗೆ ಸಾಕಾಗುತ್ತದೆ. ಅಸಾಧಾರಣ ಮಳೆಗೆ ಹರಿಯಲು ಖಾಲಿ ಜಾಗವೇ ಬೇಕು. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ಬರುವುದನ್ನು ನೋಡಿದವರಿಗೆ ಹೊಳೆಯ ಬದಿಯ ಬೈಲು ಹೊಳೆಗೇ ಸೇರಿದ್ದೆಂದು ಬೇರೆ ಹೇಳಬೇಕಾಗಿಲ್ಲ. ಬೇಸಿಗೆಯ ಕಥೆ ಇದರ ಇನ್ನೊಂದು ಮಗ್ಗುಲು. ಚಂದ್ರಗಿರಿ ಹೊಳೆಯ ಹರಿವು ಬಡವಾದಾಗ ಸಮುದ್ರದ ನೀರು, ಪೇಟೆಗೆ ನೀರೆತ್ತುವ ಬಾವಿಕ್ಕೆರೆಯವರೆಗೂ ಏರಿ ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬಂದ ವರ್ಷಗಳಿವೆ. ತಡೆಗೋಡೆಯಿಂದ ಉಪ್ಪನ್ನು ತಡೆಯಬಹುದು, ಬೇಸಿಗೆಯ ಹರಿವನ್ನು ಕೊಡಬೇಕಾದದ್ದು ಮೇಲಿನ ಗುಡ್ಡೆಗಳೇ.

ನೀರಿನ ಪ್ರಮಾಣಕ್ಕಿಂತ ಅದರ ಶುದ್ಧತೆಯ ಪ್ರಶ್ನೆ ಇನ್ನೂ ಜಟಿಲ. ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿದಷ್ಟೇ ಸಲೀಸಾಗಿ ಕಕ್ಕಸು ಗುಂಡಿಯ ನೀರೂ ಇಳಿಯುತ್ತದೆ. ಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 7.5 ಮೀಟರ್ ಅಂತರವಿರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಬಾವಿಯ ಸುತ್ತ ಆ ಅಳತೆಯ ವೃತ್ತ ಎಳೆದರೆ ಅದು ಸುಮಾರು 177 ಚದರ ಮೀಟರ್ ಆಗುತ್ತದೆ. ಐದು ಸೆಂಟ್ಸ್ ಜಾಗವೆಂದರೆ ಒಟ್ಟು 202 ಚದರ ಮೀಟರ್. ಸಾಲಾಗಿ ಐದೈದು ಸೆಂಟ್ಸಿನ ನಿವೇಶನ ಮಾಡಿ, ಪ್ರತಿಯೊಂದರಲ್ಲೂ ಒಂದು ಮನೆ, ಒಂದು ಬಾವಿ, ಒಂದು ಗುಂಡಿ ಇಟ್ಟರೆ ನಿಯಮವನ್ನು ಪಾಲಿಸುವ ಮನಸ್ಸಿದ್ದವರಿಗೂ ನೆರೆಮನೆಯ ಗುಂಡಿಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಆ ಅಂತರವಾದರೂ ಸಾಕೇ ಎಂಬುದು ಅಲ್ಲಿನ ಕಲ್ಲಿನ ಗುಣವನ್ನು ಅವಲಂಬಿಸಿದೆ. ಇಂಥ ನೆಲದಲ್ಲಿ ಬಡಾವಣೆಗೆ ಅನುಮತಿ ಕೊಡುವಾಗಲೇ, ಮೇಲುಭಾಗದಲ್ಲಿ ಎಲ್ಲರಿಗೂ ಸೇರಿದ ಬಾವಿ, ಕೆಳಭಾಗದಲ್ಲಿ ಎಲ್ಲರಿಗೂ ಸೇರಿದ ಶುದ್ಧೀಕರಣ ಘಟಕ ಎಂದು ಗೊತ್ತುಪಡಿಸುವುದು ವಾಸಿ. ಗುಡ್ಡೆಯ ಮೇಲೆ ಚೆಲ್ಲಿದ್ದು ಕೆಳಗಿನವರ ಮೈ ಸೇರುತ್ತದೆ ಎಂಬುದನ್ನು, 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿಕೊಂಡ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ.

ಸೆಕೆಯ ವಿಚಾರದಲ್ಲಿ ಒಣನಾಡಿನ ನಗರಗಳ ಉಪಾಯಗಳನ್ನು ಹಾಗೆಯೇ ಎತ್ತಿ ತರುವಂತಿಲ್ಲ. ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೀರುತ್ತದೆ, ನಿಜ; ಆದರೆ ಕರಾವಳಿಯ ತೇವದ ಗಾಳಿಯಲ್ಲಿ ನೀರು ಬೇಗ ಆವಿಯಾಗದು. ಇಲ್ಲಿ ಹೆಚ್ಚು ಫಲ ಕೊಡುವುದು ಮರದ ನೆರಳು ಮತ್ತು ಮಧ್ಯಾಹ್ನದ ಕಡಲಗಾಳಿ. ರಸ್ತೆಯುದ್ದಕ್ಕೂ ಎಡೆಬಿಡದೆ ಅಂಗಡಿ ಕಟ್ಟಡಗಳನ್ನು ಎಬ್ಬಿಸಿದರೆ ಆ ಗಾಳಿ ಒಳಗಿನ ಓಣಿಗಳನ್ನು ತಲಪುವುದಿಲ್ಲ.

ಇಷ್ಟೆಲ್ಲ ತಿಳಿದೂ ಕಾರ್ಯಗತವಾಗದಿರಲು ಒಂದು ಸರಳ ಕಾರಣ ಆಡಳಿತದ ಗಡಿ. ಪೇಟೆಯ ಸುತ್ತಲಿನ ಗುಡ್ಡೆಗಳೂ ಬೈಲುಗಳೂ ನಗರಸಭೆಗಷ್ಟೇ ಸೇರಿದವಲ್ಲ. ಮಧೂರು, ಚೆಂಗಳದಂಥ ಪಂಚಾಯತುಗಳಿಗೂ ಹಂಚಿಹೋಗಿವೆ. ಒಂದು ಕಚೇರಿ ಪದವಿನಲ್ಲಿ ಕಟ್ಟಡಕ್ಕೆ ಅನುಮತಿ ಕೊಟ್ಟರೆ ಅದರ ನೀರನ್ನು ಇನ್ನೊಂದು ಕಚೇರಿಯ ಚರಂಡಿ ಹೊರಬೇಕು. ಸಂವಿಧಾನದ 74ನೆಯ ತಿದ್ದುಪಡಿ ಇದಕ್ಕೆಂದೇ ಜಿಲ್ಲಾ ಯೋಜನಾ ಸಮಿತಿಯನ್ನು ಕಲ್ಪಿಸಿದೆ; ಪಂಚಾಯತು ಮತ್ತು ನಗರಸಭೆಗಳ ನಡುವೆ ನೆಲದ ಬಳಕೆ, ನೀರಿನ ಹಂಚಿಕೆಗಳನ್ನು ಹೊಂದಿಸಿ ಕರಡು ಯೋಜನೆ ಸಿದ್ಧಪಡಿಸುವುದು ಅದರ ಹೊಣೆ. ಆ ಕರಡಿನ ಮೊದಲ ಹಾಳೆಯಲ್ಲಿ ರಸ್ತೆಗಳಿಗಿಂತ ಮುಂಚೆ ಪದವು, ಒರತೆ, ತೋಡು, ಬೈಲುಗಳನ್ನು ಗುರುತಿಸಿದರೆ, ಕಲ್ವರ್ಟಿನ ಅಗಲದಿಂದ ಹಿಡಿದು ಬಡಾವಣೆಯ ಬಾವಿಯ ಸ್ಥಾನದವರೆಗೆ ಉಳಿದದ್ದನ್ನು ತೀರ್ಮಾನಿಸಲು ಎಂಜಿನಿಯರರಿಗೆ ಆಧಾರವೊಂದು ಸಿಗುತ್ತದೆ.